ಒಂದು ಪರವಾನಗಿ, ಮೂರು ಹೆಸರು: ಕೆನಡದ ಒಂದು ವಿದ್ಯಾವಾಹಿನಿಯ ಚರಿತ್ರೆ

ಸಂಸ್ಥೆಗಳ ಚರಿತ್ರೆಯನ್ನು ಬರೆಯಹೊರಟವರು ಸ್ಥಾಪಕರ ಸಂಕಲ್ಪದಿಂದ ಮೊದಲುಮಾಡಿ, ಅವರ ಅನಂತರ ಬಂದವರ ಪರಿಶ್ರಮವನ್ನು ವರ್ಣಿಸಿ, ಮುಂದಿನ ಅಭ್ಯುದಯವನ್ನು ಹಾರೈಸಿ ಲೇಖನಿಯನ್ನು ಕೆಳಗಿಡುವುದು ರೂಢಿ. ಕೆನಡ ದೇಶದ ‘ಕೆನಡಿಯನ್ ಲರ್ನಿಂಗ್ ಟೆಲಿವಿಷನ್’ ಎಂಬ ವಾಹಿನಿಯ ವಿಷಯದಲ್ಲಿ ಈ ಕ್ರಮ ಸಲ್ಲದು. ಏಕೆಂದರೆ, ವಿದ್ಯಾಪ್ರಸಾರಕ್ಕೆಂದು 1999ರ ಸೆಪ್ಟೆಂಬರಿನಲ್ಲಿ ತೆರೆಯ ಮೇಲೆ ಕಾಣಿಸಿಕೊಂಡ ಈ ವಾಹಿನಿ, ಒಡೆಯರಿಂದ ಒಡೆಯರಿಗೆ ಸಾಗುತ್ತ, ಮೊದಲು ‘ವಿವಾ’ ಎಂದೂ ಆಮೇಲೆ ‘ಓಪ್ರಾ ವಿನ್‌ಫ್ರೀ ನೆಟ್‌ವರ್ಕ್’ ಎಂದೂ ಹೆಸರು ಪಡೆದು, ಇಪ್ಪತ್ತೈದು ವರ್ಷಗಳು ತುಂಬುವ ತಿಂಗಳಿನಲ್ಲಿಯೇ, 2024ರ ಸೆಪ್ಟೆಂಬರ್ 1ರಂದು, ಪ್ರಸಾರವನ್ನು ನಿಲ್ಲಿಸಿತು. ರಜತೋತ್ಸವವನ್ನು ಆಚರಿಸಬೇಕಾದ ಹೊತ್ತಿಗೆ ವಾಹಿನಿಯೇ ಇರಲಿಲ್ಲ. ಇದ್ದಿದ್ದರೂ ಉತ್ಸವದ ಮಂಟಪದ ಮೇಲೆ ಯಾವ ಹೆಸರನ್ನು ಬರೆಯಿಸಬೇಕೆಂಬುದು ಸುಲಭವಾಗಿ ತೀರ್ಮಾನವಾಗುತ್ತಿರಲಿಲ್ಲ.

ಹೆಸರು ಮೂರಾದರೂ, ಒಡೆಯರು ಹಲವರಾದರೂ, ಬಹುಕಾಲ ಬದಲಾಗದೆ ಉಳಿದದ್ದು ಒಂದುಂಟು: ಆ ವಾಹಿನಿಗೆ ಕೆನಡದ ಪ್ರಸಾರ ನಿಯಂತ್ರಣ ಮಂಡಲಿ ಕೊಟ್ಟಿದ್ದ ಪರವಾನಗಿ, ಮತ್ತು ಆ ಪರವಾನಗಿಯೊಳಗೆ ಬರೆದಿದ್ದ ವಿದ್ಯಾಸೇವೆಯ ವಾಗ್ದಾನ. ನಮ್ಮ ಹಳೆಯ ಶಾಸನಗಳಲ್ಲಿ ಮಠಕ್ಕೋ ಅಗ್ರಹಾರಕ್ಕೋ ದತ್ತಿಯಾಗಿ ಬಿಟ್ಟ ಭೂಮಿ ಯಾರ ಕೈಗೆ ಹೋದರೂ, ಕಲ್ಲಿನ ಮೇಲೆ ಕೊರೆದ ಕಟ್ಟಳೆ ಭೂಮಿಯೊಡನೆ ನಡೆಯತಕ್ಕದ್ದೆಂಬ ಭಾವನೆಯಿತ್ತಷ್ಟೆ. ಪರವಾನಗಿಯ ನಿಯಮವೂ ತತ್ತ್ವತಃ ಅಂಥದೇ. ಹೊಸ ಒಡೆಯರು ಫಸಲನ್ನು ಬಯಸಿ ಭೂಮಿಯನ್ನು ಕೊಂಡರು. ಕಲ್ಲಿನ ಬರೆಹವನ್ನು ಓದುವ ಆತುರ ಅವರಿಗಿರಲಿಲ್ಲ. ಈ ವಾಹಿನಿಯ ಚರಿತ್ರೆಯ ತಿರುಳು ಇಷ್ಟೇ; ಇದನ್ನು ಕಾರಣಸಹಿತವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ವ್ಯವಸ್ಥೆಯ ಹಿನ್ನೆಲೆ

ಕೆನಡದಲ್ಲಿ ಪ್ರಸಾರಕಾರ್ಯವು ಒಕ್ಕೂಟ ಸರ್ಕಾರದ ಅಧಿಕಾರಕ್ಕೆ ಒಳಪಟ್ಟದ್ದು. 1968ರ ಪ್ರಸಾರ ಕಾಯಿದೆಯ ಮೂಲಕ ಸ್ಥಾಪಿತವಾಗಿ, 1976ರಲ್ಲಿ ದೂರಸಂಪರ್ಕದ ಹೊಣೆಯನ್ನೂ ವಹಿಸಿಕೊಂಡ ಸಿ.ಆರ್.ಟಿ.ಸಿ. ಎಂಬ ಮಂಡಲಿಯ ಅನುಮತಿಯಿಲ್ಲದೆ ಅಲ್ಲಿ ವಾಹಿನಿಯನ್ನು ಆರಂಭಿಸುವಂತಿರಲಿಲ್ಲ, ಮಾರುವಂತಿರಲಿಲ್ಲ. 1984ರ ಆಗಸ್ಟ್ 31ರಂದು ಸಂಗೀತಕ್ಕಾಗಿ ‘ಮಚ್‌ಮ್ಯೂಸಿಕ್’, ಮರುದಿನ ಕ್ರೀಡೆಗಾಗಿ ‘ಟಿ.ಎಸ್.ಎನ್.’ ಎಂಬ ವಾಹಿನಿಗಳು ಹುಟ್ಟಿದಂದಿನಿಂದ, ಒಂದೇ ವಿಷಯಕ್ಕೆ ಮೀಸಲಾದ ವಿಶೇಷ ವಾಹಿನಿಗಳ ಯುಗ ಅಲ್ಲಿ ಮೊದಲಾಯಿತು. ಈ ವಿಶೇಷ ವಾಹಿನಿಗಳ ವಿಷಯದಲ್ಲಿ ಮಂಡಲಿಯು ಒಂದು ಕಟ್ಟುಪಾಡನ್ನು ಪಾಲಿಸುತ್ತಿತ್ತು: ಒಂದು ವಿಷಯಕ್ಷೇತ್ರಕ್ಕೆ ಪರವಾನಗಿ ಪಡೆದ ವಾಹಿನಿಯೊಡನೆ ನೇರವಾಗಿ ಸ್ಪರ್ಧಿಸುವ ಮತ್ತೊಂದಕ್ಕೆ ಎಡೆಗೊಡದೆ ಅದನ್ನು ರಕ್ಷಿಸುವುದು, ಆ ರಕ್ಷಣೆಗೆ ಪ್ರತಿಯಾಗಿ, ಆ ವಾಹಿನಿಯು ತನ್ನ ಕ್ಷೇತ್ರದ ಎಲ್ಲೆಯನ್ನು ದಾಟಕೂಡದೆಂದು ವಿಧಿಸುವುದು. ರಕ್ಷಣೆ ಹಕ್ಕಾಗಿಯೂ ಎಲ್ಲೆ ಋಣವಾಗಿಯೂ ಒಂದೇ ಪತ್ರದಲ್ಲಿ ಇದ್ದುವೆಂಬುದನ್ನು ನೆನಪಿಟ್ಟರೆ ಮುಂದಿನ ಸಂಗತಿಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಪ್ರಸಾರ ಒಕ್ಕೂಟದ್ದಾದರೆ ಶಿಕ್ಷಣ ಪ್ರಾಂತಗಳದು. 1867ರ ಸಂವಿಧಾನ ಕಾಯಿದೆಯ 93ನೆಯ ವಿಧಿ ವಿದ್ಯಾಭ್ಯಾಸವನ್ನು ಪ್ರಾಂತಗಳ ವಶಕ್ಕೆ ಕೊಟ್ಟಿರುವುದರಿಂದ, ದೂರದರ್ಶನದ ಮೂಲಕ ಪಾಠ ಹೇಳುವ ಪ್ರಯತ್ನಗಳು ಪ್ರಾಂತಗಳಲ್ಲಿಯೇ ಮೊಳೆತುವು. ಆಂಟೇರಿಯೊ ಪ್ರಾಂತದ ‘ಟಿ.ವಿ.ಆಂಟೇರಿಯೊ’ ಸಂಸ್ಥೆ 1970ರಲ್ಲಿಯೂ, ಬ್ರಿಟಿಷ್ ಕೊಲಂಬಿಯದ ‘ನಾಲೆಜ್ ನೆಟ್‌ವರ್ಕ್’ 1981ರಲ್ಲಿಯೂ ಪ್ರಸಾರಕ್ಕೆ ಬಂದುವು. ಇವೆರಡರ ನಡುವೆ, 1973ರಲ್ಲಿ, ಆಲ್ಬರ್ಟಾ ಸರ್ಕಾರವು ‘ಆಕ್ಸೆಸ್’ ಎಂದು ಪ್ರಸಿದ್ಧವಾದ ತನ್ನ ಶೈಕ್ಷಣಿಕ ಪ್ರಸಾರ ನಿಗಮವನ್ನು ಕಟ್ಟಿತು. 1927ರಷ್ಟು ಹಿಂದೆಯೇ ಆಲ್ಬರ್ಟಾ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ್ದ ಸಿ.ಕೆ.ಯು.ಎ. ಎಂಬ ಆಕಾಶವಾಣಿ ಕೇಂದ್ರವೂ ಈ ನಿಗಮದ ಆಶ್ರಯಕ್ಕೆ ಬಂತು. 1985ರಲ್ಲಿ ನಿಗಮದ ದೂರದರ್ಶನವು ಉಪಗ್ರಹದ ಮೂಲಕ ತನ್ನದೇ ಆದ ವಾಹಿನಿಯಾಗಿ ಪ್ರಾಂತದ ಮನೆಮನೆಗೂ ಶಾಲೆಶಾಲೆಗೂ ತಲಪತೊಡಗಿತು.

ಸರ್ಕಾರದ ಕೈಯಿಂದ ವ್ಯಾಪಾರಿಗಳ ಕೈಗೆ

1990ರ ದಶಕದ ಆದಿಯಲ್ಲಿ ರಾಲ್ಫ್ ಕ್ಲೈನ್ ಅವರು ಆಲ್ಬರ್ಟಾದ ಮುಖ್ಯಮಂತ್ರಿಗಳಾದ ತರುವಾಯ, ಸರ್ಕಾರದ ವೆಚ್ಚವನ್ನು ತಗ್ಗಿಸಿ ಕೊರತೆಯನ್ನು ನೀಗಿಸುವ ಪಟ್ಟು ಹಿಡಿದ ಆಡಳಿತವು, ಪ್ರಾಂತವು ತಾನೇ ಒಂದು ಪ್ರಸಾರಸಂಸ್ಥೆಯನ್ನು ಏಕೆ ಸಾಕಬೇಕೆಂಬ ಪ್ರಶ್ನೆಯನ್ನೆತ್ತಿತು. ಆಕಾಶವಾಣಿಯನ್ನು 1994ರಲ್ಲಿ ಒಂದು ಪ್ರತಿಷ್ಠಾನಕ್ಕೆ ವಹಿಸಲಾಯಿತು. ಮರುವರ್ಷ ದೂರದರ್ಶನವು ‘ಲರ್ನಿಂಗ್ ಅಂಡ್ ಸ್ಕಿಲ್ಸ್ ಟೆಲಿವಿಷನ್ ಆಫ್ ಆಲ್ಬರ್ಟಾ’ ಎಂಬ ಖಾಸಗಿ ಸಂಸ್ಥೆಯ ಪಾಲಾಯಿತು. ಈ ಸಂಸ್ಥೆಯಲ್ಲಿ ನೂರಕ್ಕೆ 60 ಪಾಲು ಟೊರಾಂಟೊ ನಗರದ ‘ಚಮ್ ಲಿಮಿಟೆಡ್’ ಎಂಬ ಪ್ರಸಾರ ವ್ಯವಹಾರದ ಸಂಸ್ಥೆಗೆ ಸೇರಿತ್ತು.

ಈ ಹೊಸ ಸಂಸ್ಥೆಯನ್ನು ಮುನ್ನಡೆಸಿದ ಇಬ್ಬರ ಹೆಸರನ್ನು ಇಲ್ಲಿ ಹೇಳಬೇಕು. ಅಧ್ಯಕ್ಷರಾಗಿದ್ದ ರೊನಾಲ್ಡ್ ಕೀಸ್ಟ್ ಅವರು 1988ರಲ್ಲಿ ಆರಂಭವಾದ ‘ವಿಷನ್ ಟಿ.ವಿ.’ ಎಂಬ ಸರ್ವಧರ್ಮ ವಾಹಿನಿಯ ಸ್ಥಾಪಕ ಅಧ್ಯಕ್ಷರು, ವಿದ್ಯಾಪ್ರಸಾರದಲ್ಲಿ ಪಳಗಿದವರು. ಅವರ ಜೊತೆಗಿದ್ದ ಮೋಸೆಸ್ ಝ್ನೈಮರ್ ಅವರಾದರೋ, 1972ರಲ್ಲಿ ಟೊರಾಂಟೊದ ‘ಸಿಟಿ-ಟೀವಿ’ಯನ್ನು ಕಟ್ಟಿದವರಲ್ಲಿ ಒಬ್ಬರಾಗಿ, ಮಚ್‌ಮ್ಯೂಸಿಕ್ಕಿನ ಜನಕರಾಗಿ, ದೂರದರ್ಶನದ ರೂಪವನ್ನೇ ಹೊಸದಾಗಿ ಕಲ್ಪಿಸಿದ ಸಾಹಸಿಗಳೆಂಬ ಕೀರ್ತಿ ಪಡೆದವರು. ಒಬ್ಬರ ಶ್ರದ್ಧೆಯೂ ಮತ್ತೊಬ್ಬರ ಚಾತುರ್ಯವೂ ಕೂಡಿದ ಈ ಕಾಲದಲ್ಲಿಯೇ, ಆಲ್ಬರ್ಟಾ ಒಂದಕ್ಕೆ ಸೀಮಿತವಾಗಿದ್ದ ಕೆಲಸವನ್ನು ಇಡೀ ದೇಶಕ್ಕೆ ವಿಸ್ತರಿಸಬೇಕೆಂಬ ಆಲೋಚನೆ ಮೂಡಿತು.

1996ರಲ್ಲಿ ಸಿ.ಆರ್.ಟಿ.ಸಿ. ಮಂಡಲಿಯು ಹಲವು ಹೊಸ ವಿಶೇಷ ವಾಹಿನಿಗಳಿಗೆ ಒಟ್ಟಿಗೆ ಅನುಮತಿ ಕೊಟ್ಟಾಗ, ವಯಸ್ಕರ ಶಿಕ್ಷಣವನ್ನು ಗುರಿಯಾಗಿಟ್ಟುಕೊಂಡ ರಾಷ್ಟ್ರವ್ಯಾಪಿ ಆಂಗ್ಲ ವಾಹಿನಿಯೊಂದು ಕೆನಡಿಯನ್ ಲರ್ನಿಂಗ್ ಟೆಲಿವಿಷನ್ ಎಂಬ ಹೆಸರಿನಲ್ಲಿ ಪರವಾನಗಿ ಪಡೆಯಿತು. ಕೇಬಲ್ ಜಾಲಗಳಲ್ಲಿ ಎಲ್ಲಕ್ಕೂ ಏಕಕಾಲದಲ್ಲಿ ಸ್ಥಳವಿಲ್ಲದಿದ್ದ ದಿನಗಳವು. ಅನುಮತಿ ದೊರೆತ ಮೂರು ವರ್ಷಗಳ ಮೇಲೆ ಪ್ರಸಾರ ಮೊದಲಾಯಿತು. ಕೇಂದ್ರವು ಆಲ್ಬರ್ಟಾದ ಎಡ್ಮಂಟನ್ ನಗರದಲ್ಲಿಯೇ ಉಳಿಯಿತು. ಶಿಕ್ಷಣವು ಪ್ರಾಂತಗಳ ಸ್ವತ್ತಾದ ದೇಶದಲ್ಲಿ, ಪ್ರಾಂತಗಳ ಗಡಿಯನ್ನು ಮೀರಿ ಎಲ್ಲರಿಗೂ ಪಾಠ ಹೇಳಬಲ್ಲ ಒಂದು ವಾಹಿನಿ ಒಕ್ಕೂಟದ ಪರವಾನಗಿಯಿಂದ ಹುಟ್ಟಿದ್ದು ಸಾಮಾನ್ಯ ಸಂಗತಿಯಲ್ಲ.

ಪರವಾನಗಿಯ ವಾಕ್ಯಗಳ ಪ್ರಕಾರ ವಾಹಿನಿಯ ಸೇವೆ ಎರಡು ಬಗೆಯದು: ವಿದ್ಯಾಸಂಸ್ಥೆಗಳ ಪಾಠಕ್ರಮಗಳಿಗೆ ಹೊಂದಿದ ವಿಧಿಬದ್ಧ ಶಿಕ್ಷಣ ಒಂದು, ಜೀವನಪರ್ಯಂತ ನಡೆಯುವ ಅನೌಪಚಾರಿಕ ಶಿಕ್ಷಣ ಇನ್ನೊಂದು. ಮೊದಲನೆಯದಕ್ಕೆ ನೋಡುವವರು ವಿರಳ. ಎರಡನೆಯದರ ಎಲ್ಲೆ ಅಸ್ಪಷ್ಟ. ಆದುದರಿಂದ ಜನಪ್ರಿಯ ನಾಟಕಮಾಲಿಕೆಗಳನ್ನೂ ಚಲನಚಿತ್ರಗಳನ್ನೂ ತಂದು, ಅವುಗಳ ಹಿಂದೆ ಮುಂದೆ ಬಲ್ಲವರ ವಿವರಣೆಯನ್ನು ಸೇರಿಸಿ, ಮನೋರಂಜನೆಯ ಮೂಲಕವೇ ವೈದ್ಯವನ್ನೋ ಸಮಾಜವನ್ನೋ ಕಲೆಯನ್ನೋ ಕುರಿತು ಜಿಜ್ಞಾಸೆ ಹುಟ್ಟಿಸುವ ಉಪಾಯವೂ ಆ ಕಾಲದಲ್ಲಿ ಬಳಕೆಗೆ ಬಂತು. ಇದು ಕಪಟವೆನ್ನಲಾಗದು, ಆದರೆ ಅನೌಪಚಾರಿಕ ಶಿಕ್ಷಣವೆಂಬ ಬಾಗಿಲು ಅಂದೇ ಅರ್ಧ ತೆರೆದಿತ್ತು, ಮುಂದಿನವರು ಅದನ್ನು ಪೂರ್ತಿಯಾಗಿ ತೆರೆದರು.

ಒಡೆಯರು ಬದಲಾದ ಎರಡು ವರ್ಷಗಳು

ಚಮ್ ಸಂಸ್ಥೆ 2005ರಲ್ಲಿ ಉಳಿದ ಪಾಲನ್ನೂ ಕೊಂಡು ವಾಹಿನಿಯ ಸಂಪೂರ್ಣ ಸ್ವಾಮ್ಯವನ್ನು ಪಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, 1954ರಲ್ಲಿ ಒಂದು ಆಕಾಶವಾಣಿ ಕೇಂದ್ರವನ್ನು ಕೊಂಡು ಆ ದೊಡ್ಡ ವ್ಯವಹಾರಕ್ಕೆ ಅಸ್ತಿಭಾರ ಹಾಕಿದ್ದ ಆಲನ್ ವಾಟರ್ಸ್ ಅವರು ದಿವಂಗತರಾದರು; ಹಿರಿಯರು ಮರೆಯಾದ ಮೇಲೆ ಮನೆತನವು ವ್ಯವಹಾರವನ್ನು ಬಹುಕಾಲ ಉಳಿಸಿಕೊಳ್ಳಲಿಲ್ಲ. 2006ರ ಜುಲೈ ತಿಂಗಳಿನಲ್ಲಿ, ಸಿ.ಟಿ.ವಿ. ಜಾಲದ ಒಡೆತನವಿದ್ದ ‘ಬೆಲ್ ಗ್ಲೋಬ್‌ಮೀಡಿಯಾ’ ಸಂಸ್ಥೆಯು ಚಮ್ ಸಂಸ್ಥೆಯನ್ನು ಸುಮಾರು 140 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಕೊಂಡ ಸಂಸ್ಥೆಯೇ 2007ರ ಆರಂಭದಲ್ಲಿ ‘ಸಿ.ಟಿ.ವಿ. ಗ್ಲೋಬ್‌ಮೀಡಿಯಾ’ ಎಂಬ ಹೊಸ ಹೆಸರನ್ನು ಧರಿಸಿತು.

ಇಷ್ಟು ದೊಡ್ಡ ವ್ಯವಹಾರದಲ್ಲಿ ವಿದ್ಯಾವಾಹಿನಿಯಂಥ ಕಿರಿಯ ಸ್ವತ್ತು, ದೊಡ್ಡ ಸ್ವತ್ತುಗಳನ್ನು ಉಳಿಸಿಕೊಳ್ಳುವ ಸಲುವಾಗಿ ಬಿಟ್ಟುಕೊಡಬಹುದಾದ ಪದಾರ್ಥವಾಯಿತು. 2007ರ ಏಪ್ರಿಲ್ ತಿಂಗಳಿನಲ್ಲಿ ಹೊಸ ಒಡೆಯರು ‘ಎ-ಚಾನೆಲ್’ ಎಂಬ ಕೇಂದ್ರಗಳನ್ನೂ ಆಲ್ಬರ್ಟಾದ ಆಕ್ಸೆಸ್ಸನ್ನೂ ಲರ್ನಿಂಗ್ ಟೆಲಿವಿಷನ್ನನ್ನೂ ಮತ್ತಿತರ ಸ್ವತ್ತುಗಳೊಡನೆ ಒಂದೇ ಗಂಟಾಗಿ ಕಟ್ಟಿ, 13.75 ಕೋಟಿ ಡಾಲರುಗಳಿಗೆ ‘ರಾಜರ್ಸ್’ ಸಂಸ್ಥೆಗೆ ಮಾರಲು ಒಪ್ಪಿದರು. ಆದರೆ ಜೂನ್ 8ರಂದು ಸಿ.ಆರ್.ಟಿ.ಸಿ. ಕೊಟ್ಟ ತೀರ್ಪು ಬೇರೆಯೇ ಆಗಿತ್ತು: ಒಂದೇ ನಗರದಲ್ಲಿ ಒಬ್ಬರಿಗೇ ಎರಡು ಮುಖ್ಯ ಕೇಂದ್ರಗಳು ಕೂಡದಾದ್ದರಿಂದ, ಮಾರಬೇಕಾದದ್ದು ಸಿಟಿ-ಟೀವಿ ಕೇಂದ್ರಗಳನ್ನು. ಅವು 37.5 ಕೋಟಿ ಡಾಲರುಗಳಿಗೆ ರಾಜರ್ಸ್ ಸಂಸ್ಥೆಯ ಪಾಲಾದುವು. ಹಿಂದಿನ ಒಪ್ಪಂದ ಮುರಿದುಬಿತ್ತು. ಮಾರಾಟಕ್ಕೆ ಸಿದ್ಧವಾಗಿದ್ದ ವಿದ್ಯಾವಾಹಿನಿ ಮಾರಿದವರ ಮನೆಯಲ್ಲಿಯೇ ಉಳಿಯಿತು. ಈ ಕೊಡುಕೊಳೆಯ ಗದ್ದಲದಲ್ಲಿ ಅದರ ಪಾಠಗಳ ಪ್ರಶ್ನೆ ಮುನ್ನೆಲೆಗೆ ಬರಲಿಲ್ಲವೆಂಬುದೇ, ವಾಹಿನಿಯ ಬೆಲೆಯನ್ನು ಯಾವ ಅಳತೆಯಿಂದ ಅಳೆಯಲಾಗುತ್ತಿತ್ತೆಂಬುದಕ್ಕೆ ನಿದರ್ಶನ.

ಹಾಗೆ ಉಳಿದದ್ದು ಅಲ್ಪಕಾಲ. 2008ರಲ್ಲಿ ‘ಕೋರಸ್ ಎಂಟರ್‌ಟೇನ್‌ಮೆಂಟ್’ ಸಂಸ್ಥೆ ಈ ವಾಹಿನಿಯನ್ನು ಸುಮಾರು 7.3 ಕೋಟಿ ಡಾಲರುಗಳಿಗೆ ಕೊಂಡಿತು. ಶಾ ಮನೆತನದ ಕೇಬಲ್ ವ್ಯವಹಾರದಿಂದ 1999ರಲ್ಲಿ ಬೇರ್ಪಟ್ಟು ಸ್ವತಂತ್ರವಾದ ಕೋರಸ್ಸಿಗೆ ಮಹಿಳಾ ಪ್ರೇಕ್ಷಕರ ಮಾರುಕಟ್ಟೆ ಚಿರಪರಿಚಿತ. 1995ರಲ್ಲಿ ವಿನಿಪೆಗ್ ನಗರದಲ್ಲಿ ಆರಂಭವಾಗಿದ್ದ ‘ವಿಮೆನ್ಸ್ ಟೆಲಿವಿಷನ್ ನೆಟ್‌ವರ್ಕ್’ ವಾಹಿನಿಯನ್ನು 2001ರಲ್ಲಿ ಪಡೆದು, ಟೊರಾಂಟೊಗೆ ಸಾಗಿಸಿ, ಮರುವರ್ಷವೇ ‘ಡಬ್ಲ್ಯು’ ಎಂಬ ಒಂದಕ್ಷರದ ಹೆಸರಿನಿಂದ ಅದನ್ನು ಲಾಭದಾಯಕವನ್ನಾಗಿ ಮಾಡಿದ ಅನುಭವ ಅದಕ್ಕಿತ್ತು. ಹೊಸ ಪರವಾನಗಿಯನ್ನು ಬೇಡಿ ಪಡೆಯುವುದಕ್ಕಿಂತ, ಈಗಾಗಲೇ ಕೇಬಲ್ ಮತ್ತು ಉಪಗ್ರಹ ಜಾಲಗಳಲ್ಲಿ ಸ್ಥಾನ ಸಂಪಾದಿಸಿರುವ ಹಳೆಯ ಪರವಾನಗಿಯನ್ನು ಕೊಳ್ಳುವುದು ಸುಗಮವೂ ಫಲಪ್ರದವೂ ಆಗಿದ್ದ ಕಾಲವದು. ಚಂದಾದಾರರ ಮನೆಯವರೆಗೆ ಹಾಸಿದ ಹಾದಿಗೇ ಆ ಬೆಲೆ, ಹಾದಿಯಲ್ಲಿ ಸಾಗುತ್ತಿದ್ದ ಪಾಠಗಳಿಗಲ್ಲ. ಮರುವರ್ಷ ಇದೇ ಕೋರಸ್ ಸಂಸ್ಥೆಯು ಸಿ.ಟಿ.ವಿ.ಯಿಂದ ಮತ್ತೆರಡು ವಾಹಿನಿಗಳನ್ನು ಕೊಂಡು, 2010ರಲ್ಲಿ ಅವುಗಳನ್ನೂ ಹೊಸ ಹೆಸರುಗಳಲ್ಲಿ ಹೊರತಂದಿತೆಂಬುದು ಈ ನೀತಿಗೆ ಪೋಷಕವಾದ ಸಾಕ್ಷ್ಯ.

ವಿವಾ, ಮತ್ತು ಓಪ್ರಾ

2008ರ ನವೆಂಬರ್ 3ರಂದು ಲರ್ನಿಂಗ್ ಟೆಲಿವಿಷನ್ ಎಂಬ ಹೆಸರು ತೆರೆಯಿಂದ ಅಳಿದು ‘ವಿವಾ’ ಎಂಬುದು ಮೂಡಿತು. ಎರಡನೆಯ ಮಹಾಯುದ್ಧದ ತರುವಾಯದ ವರ್ಷಗಳಲ್ಲಿ ಹುಟ್ಟಿ ಈಗ ನಡುವಯಸ್ಸನ್ನು ದಾಟುತ್ತಿದ್ದ ಮಹಿಳೆಯರೇ ಹೊಸ ವಾಹಿನಿಯ ಉದ್ದಿಷ್ಟ ಪ್ರೇಕ್ಷಕರು. ಸಂವಾದ, ಗೃಹಜೀವನ, ಚಲನಚಿತ್ರ ಇವೇ ಅದರ ಸಾಮಗ್ರಿ. ಅದೇ ತಲೆಮಾರಿನ ಮೇಲೆಯೇ ಕಣ್ಣಿಟ್ಟು, ಚಮ್ ಸಂಸ್ಥೆಯನ್ನು 2003ರಲ್ಲಿ ತೊರೆದಿದ್ದ ಝ್ನೈಮರ್ ಅವರೂ ‘ಝೂಮರ್‌ಮೀಡಿಯಾ’ ಎಂಬ ಸಂಸ್ಥೆಯನ್ನು ಕಟ್ಟಿ, ಕೀಸ್ಟ್ ಅವರು ಹಿಂದೊಮ್ಮೆ ಸ್ಥಾಪಿಸಿದ್ದ ವಿಷನ್ ಟಿ.ವಿ.ಯನ್ನೇ 2010ರಲ್ಲಿ ತಮ್ಮದಾಗಿಸಿಕೊಂಡರೆಂಬುದು ಸ್ವಾರಸ್ಯದ ಸಂಗತಿ. ಪರವಾನಗಿಯಲ್ಲಿ ಮಾತ್ರ ವಿವಾ ಇನ್ನೂ ವಯಸ್ಕರ ವಿದ್ಯಾವಾಹಿನಿಯೇ.

ವಿವಾ ಎರಡು ವರ್ಷವೂ ನೆಲೆಯೂರುವ ಮೊದಲೇ ಗಡಿಯಾಚೆಯಿಂದ ಮತ್ತೊಂದು ಆಕರ್ಷಣೆ ಒದಗಿಬಂತು. ಸಂಯುಕ್ತ ಸಂಸ್ಥಾನಗಳಲ್ಲಿ ಓಪ್ರಾ ವಿನ್‌ಫ್ರೀ ಅವರ ‘ಹಾರ್ಪೊ’ ಸಂಸ್ಥೆಯೂ ‘ಡಿಸ್ಕವರಿ’ ಸಂಸ್ಥೆಯೂ ಜೊತೆಗೂಡಿ, ‘ಡಿಸ್ಕವರಿ ಹೆಲ್ತ್’ ವಾಹಿನಿಯ ಸ್ಥಾನದಲ್ಲಿ, 2011ರ ಜನವರಿ 1ರಂದು ಓಪ್ರಾ ವಿನ್‌ಫ್ರೀ ನೆಟ್‌ವರ್ಕನ್ನು ಆರಂಭಿಸಿದುವು. ಇಪ್ಪತ್ತೈದು ಋತುಗಳ ಕಾಲ ನಡೆದ ತಮ್ಮ ಸಂವಾದ ಕಾರ್ಯಕ್ರಮವನ್ನು ಆ ವರ್ಷದ ಮೇ ತಿಂಗಳಿನಲ್ಲಿ ಮುಗಿಸಲಿದ್ದ ಆ ಮಹಿಳೆಯ ಹೆಸರಿಗೆ ಉತ್ತರ ಅಮೆರಿಕದ ಮನೆಗಳಲ್ಲಿ ಇದ್ದ ಮನ್ನಣೆಯನ್ನು ವಿವರಿಸಬೇಕಾಗಿಲ್ಲ. ಕೋರಸ್ ಆ ಹೆಸರನ್ನು ಬಳಸುವ ಹಕ್ಕನ್ನು ಪಡೆದು, 2011ರ ಮಾರ್ಚ್ 1ರಂದು ವಿವಾ ವಾಹಿನಿಯನ್ನು ಕೆನಡದ ಓಪ್ರಾ ವಿನ್‌ಫ್ರೀ ನೆಟ್‌ವರ್ಕನ್ನಾಗಿ ಮಾರ್ಪಡಿಸಿತು. ಎಡ್ಮಂಟನ್ನಿನ ವಯಸ್ಕ ವಿದ್ಯಾರ್ಥಿಗಳಿಗಾಗಿ ಬರೆದ ಪರವಾನಗಿಯ ಮೇಲೆ ಈಗ ಷಿಕಾಗೊ ನಗರದ ಜಗತ್ಪ್ರಸಿದ್ಧ ನಾಮಧೇಯವೊಂದು ರಾರಾಜಿಸಿತು.

ಮಂಡಲಿಯ ವಿಚಾರಣೆ

ಹೆಸರನ್ನು ಬದಲಾಯಿಸುವುದಕ್ಕೆ ತಡೆಯಿಲ್ಲ. ಸೇವೆಯ ಸ್ವರೂಪವನ್ನು ಬದಲಾಯಿಸುವುದಕ್ಕೆ ಮಾತ್ರ ಅನುಮತಿ ಬೇಕು. ಈ ಭೇದವು ನಾಲ್ಕು ವರ್ಷ ಮಸುಕಾಗಿಯೇ ಇದ್ದು, 2012ರಲ್ಲಿ ಸ್ಪಷ್ಟವಾಗಿ ಎದ್ದುನಿಂತಿತು. ವಾಹಿನಿಯು ತನ್ನ ಪರವಾನಗಿಯ ನಿಯಮಗಳನ್ನು ಪಾಲಿಸುತ್ತಿಲ್ಲವೆಂಬ ಅನುಮಾನದ ಮೇಲೆ ಸಿ.ಆರ್.ಟಿ.ಸಿ. ಮಂಡಲಿಯು ಕೋರಸ್ ಸಂಸ್ಥೆಯನ್ನು ಬಹಿರಂಗ ವಿಚಾರಣೆಗೆ ಕರೆಯಿತು. ಬದುಕನ್ನು ಉತ್ತಮಪಡಿಸಿಕೊಳ್ಳುವ ಬಗೆಯನ್ನು ತಿಳಿಸುವ ಕಾರ್ಯಕ್ರಮಗಳೂ ಅನೌಪಚಾರಿಕ ಶಿಕ್ಷಣವೇ ಎಂಬುದು ಒಡೆಯರ ವಾದ. ಆ ವಾದವನ್ನು ಒಮ್ಮೆಲೇ ನಗೆಯಾಡಿ ತಳ್ಳಿಬಿಡುವುದು ನ್ಯಾಯವಲ್ಲ. ಆರೋಗ್ಯ, ಆತ್ಮಪರೀಕ್ಷೆ, ಗ್ರಂಥಪಠನ ಇವುಗಳನ್ನು ಕುರಿತು ಓಪ್ರಾ ಅವರು ನಡೆಸಿದ ಸಂವಾದಗಳಿಂದ ಏನನ್ನೂ ಕಲಿಯದೆ ಎದ್ದವರು ಕೆಲವರೇ ಇರಬಹುದು. ಆದರೆ ಕಲಿಕೆಗೆ ಅವಕಾಶವಿರುವುದೆಲ್ಲ ಶಿಕ್ಷಣವೆಂದು ಒಪ್ಪಿದರೆ ಮನೋರಂಜನೆಗೂ ವಿದ್ಯೆಗೂ ನಡುವೆ ಗೆರೆಯೆಳೆಯುವುದು ಯಾವ ನಿಯಂತ್ರಕರಿಗೂ ಸಾಧ್ಯವಾಗದು; ವಿಶೇಷ ವಾಹಿನಿಗಳ ಇಡಿಯ ವ್ಯವಸ್ಥೆಯೇ ನಿರರ್ಥಕವಾಗುತ್ತದೆ.

ಮಂಡಲಿಯು 2013ರಲ್ಲಿ ಕೊಟ್ಟ ನಿರ್ಣಯ ವಾಹಿನಿಗೆ ಪ್ರತಿಕೂಲವಾಯಿತು. ಪರವಾನಗಿಯನ್ನು ಉಲ್ಲಂಘಿಸಲಾಗಿದೆಯೆಂದು ನಿಶ್ಚಯಿಸಿ, ಅದರ ನಿಯಮಗಳನ್ನು ಪಾಲಿಸಲೇಬೇಕೆಂಬ ಕಡ್ಡಾಯ ಆಜ್ಞೆಯನ್ನು ಮಂಡಲಿಯು ಹೊರಡಿಸಿತು. ಇಂಥ ಆಜ್ಞೆಯನ್ನು ಒಕ್ಕೂಟದ ನ್ಯಾಯಾಲಯದಲ್ಲಿ ದಾಖಲು ಮಾಡಿದರೆ ಅದಕ್ಕೆ ನ್ಯಾಯಾಲಯದ ಆಜ್ಞೆಯ ಬಲವೇ ಬರುತ್ತದೆ. ಅನಂತರದ ಅವಿಧೇಯತೆ ನ್ಯಾಯಾಲಯ ನಿಂದನೆಯಾಗಬಹುದು. ಇಷ್ಟು ಕಠಿನವಾದ ಅಸ್ತ್ರವನ್ನು ಮಂಡಲಿ ಕೈಗೆತ್ತಿಕೊಂಡದ್ದು, ಪರವಾನಗಿಯೆಂಬುದು ಕೇವಲ ಕ್ರಯಪತ್ರವಲ್ಲ, ಸಾರ್ವಜನಿಕರೊಡನೆ ಮಾಡಿಕೊಂಡ ಕರಾರು ಎಂಬ ತತ್ತ್ವವನ್ನು ನೆನಪಿಸಿತು. ಆದರೆ ವಾಹಿನಿಯನ್ನು ಕೋರಸ್ಸಿಗೆ ವಹಿಸಿಕೊಡಲು 2008ರಲ್ಲಿ ಒಪ್ಪಿಗೆ ಕೊಟ್ಟದ್ದು ಇದೇ ಮಂಡಲಿಯೆಂಬುದನ್ನೂ, ವಿವಾ ಎಂಬ ಹೆಸರು ಬಹಿರಂಗವಾಗಿ ಘೋಷಿತವಾದ ಮೇಲೆಯೂ ವರ್ಷಗಳು ಸಂದ ಅನಂತರವಷ್ಟೇ ಅದು ಎಚ್ಚೆತ್ತಿತೆಂಬುದನ್ನೂ ಚರಿತ್ರಕಾರನು ಮರೆಯಲಾಗದು.

ಎಲ್ಲೆಗಳ ಅಂತ್ಯ, ವಾಹಿನಿಯ ಅಂತ್ಯ

ಆಜ್ಞೆ ಹೊರಟು ಎರಡು ವರ್ಷಗಳೊಳಗಾಗಿ ಮಂಡಲಿಯೇ ತನ್ನ ಹಳೆಯ ಕಟ್ಟುಪಾಡನ್ನು ತೊರೆಯಿತು. ಜಾನ್-ಪಿಯೆರ್ ಬ್ಲೇ ಅವರ ಅಧ್ಯಕ್ಷತೆಯಲ್ಲಿ ದೂರದರ್ಶನದ ಭವಿಷ್ಯವನ್ನು ಕುರಿತು ನಡೆದ ದೀರ್ಘ ಸಮಾಲೋಚನೆಯ ಫಲವಾಗಿ, 2015ರ ಮಾರ್ಚ್ ತಿಂಗಳಿನಲ್ಲಿ, ವಿಷಯಕ್ಷೇತ್ರಗಳ ರಕ್ಷಣೆಯನ್ನು ರದ್ದುಗೊಳಿಸುವ ನೀತಿ ಪ್ರಕಟವಾಯಿತು. ಅಂತರಜಾಲದ ಮೂಲಕ ಯಾರು ಬೇಕಾದರೂ ಏನನ್ನು ಬೇಕಾದರೂ ಪ್ರಸಾರ ಮಾಡಬಲ್ಲ ಕಾಲದಲ್ಲಿ, ಒಂದು ವಾಹಿನಿಯನ್ನು ಮತ್ತೊಂದರಿಂದ ಕಾಪಾಡುವ ಬೇಲಿಗೆ ಅರ್ಥವಿಲ್ಲವೆಂಬುದು ಅದರ ಹಿಂದಿದ್ದ ವಿವೇಚನೆ. ರಕ್ಷಣೆ ಹೋದಂತೆ ಎಲ್ಲೆಯೂ ಹೋಯಿತು; ಹಕ್ಕು ಕಳೆದುದರೊಡನೆ ಋಣವೂ ತೀರಿತು. ವಿದ್ಯಾಸೇವೆಯ ವಾಗ್ದಾನ ಒಬ್ಬರೂ ಮುರಿಯಬೇಕಾಗಿಲ್ಲದೆ ತಾನಾಗಿಯೇ ಲುಪ್ತವಾಯಿತು.

ಹೀಗೆ ಬಿಡುಗಡೆ ಹೊಂದಿದ ವಾಹಿನಿ ಅಭಿವೃದ್ಧಿ ಹೊಂದಿತೆಂದು ಹೇಳುವಂತಿಲ್ಲ. 2016ರಲ್ಲಿ ಕೋರಸ್ ಸಂಸ್ಥೆಯು 265 ಕೋಟಿ ಡಾಲರುಗಳಿಗೆ ‘ಶಾ ಮೀಡಿಯಾ’ವನ್ನು ಕೊಂಡು ಬೃಹತ್ತಾಗಿ ಬೆಳೆದು, ಅದರೊಡನೆ ಸಾಲದ ಭಾರವನ್ನೂ ಹೊತ್ತುಕೊಂಡಿತು, ಒಂದೇ ಬಗೆಯ ಪ್ರೇಕ್ಷಕರಿಗಾಗಿ ಒಂದೇ ಮನೆಯಲ್ಲಿ ಹಲವು ವಾಹಿನಿಗಳು ಕೂಡಿಬಿದ್ದುವು. ಚಂದಾದಾರರು ಕೇಬಲನ್ನು ಬಿಟ್ಟು ಅಂತರಜಾಲಕ್ಕೆ ಹೋಗುತ್ತಿದ್ದಂತೆ ಜಾಲಗಳಲ್ಲಿ ಸ್ಥಾನವೆಂಬ ಸ್ವತ್ತಿನ ಬೆಲೆಯೇ ಕುಸಿಯಿತು. ಸ್ವಂತ ಹೆಸರಿಲ್ಲದೆ ಎರವಲು ಹೆಸರಿನಲ್ಲಿ ಬದುಕುವ ವಾಹಿನಿಗೆ ಇಂಥ ಹೊತ್ತಿನಲ್ಲಿ ಆಧಾರ ತೀರ ಕಡಮೆ. 2024ರ ಸೆಪ್ಟೆಂಬರ್ 1ರಂದು ಅದು ಮುಚ್ಚಿತು. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ, ಅಮೆರಿಕದ ಪ್ರಸಿದ್ಧ ನಾಮಧೇಯಗಳ ಹಕ್ಕು ರಾಜರ್ಸ್ ಸಂಸ್ಥೆಗೆ ಹೋದಕಾರಣ, ಕೋರಸ್ ತನ್ನ ಇನ್ನೆರಡು ದೊಡ್ಡ ವಾಹಿನಿಗಳಿಗೆ ‘ಫ್ಲೇವರ್ ನೆಟ್‌ವರ್ಕ್’, ‘ಹೋಮ್ ನೆಟ್‌ವರ್ಕ್’ ಎಂದು ಹೊಸ ಹೆಸರಿಡಬೇಕಾಯಿತು.

ಒಡಹುಟ್ಟಿದ ಸಂಸ್ಥೆಗಳ ಗತಿಯನ್ನು ನೋಡಿದರೆ ಈ ಚರಿತ್ರೆಯ ಅರ್ಥ ಪೂರ್ಣವಾಗುತ್ತದೆ. ಮೂಲ ಸಂಸ್ಥೆಯಾದ ಆಕ್ಸೆಸ್ 2011ರಲ್ಲಿ ‘ಸಿ.ಟಿ.ವಿ. ಟೂ ಆಲ್ಬರ್ಟಾ’ ಆಯಿತು. ಅದೇ ಎಡ್ಮಂಟನ್ನಿನ ಬಳಗದಲ್ಲಿ 2001ರಲ್ಲಿ ಹುಟ್ಟಿದ್ದ ಗ್ರಂಥಸಂಬಂಧಿ ವಾಹಿನಿ ‘ಬುಕ್ ಟೆಲಿವಿಷನ್’ 2021ರಲ್ಲಿ ನಿಂತುಹೋಯಿತು. ನೆರೆಯ ಸಸ್ಕಾಚೆವಾನ್ ಪ್ರಾಂತವು 1989ರಲ್ಲಿ ಕಟ್ಟಿದ ವಿದ್ಯಾವಾಹಿನಿಯೂ ಖಾಸಗಿಯವರಿಗೆ ಮಾರಲ್ಪಟ್ಟು, ಕಡೆಗೆ ರಾಜರ್ಸ್ ಸಂಸ್ಥೆಯ ಸಿಟಿ ಜಾಲದಲ್ಲಿ ಲೀನವಾಯಿತು. ಆದರೆ ಪ್ರಾಂತ ಸರ್ಕಾರಗಳ ಆಶ್ರಯದಲ್ಲಿಯೇ ಉಳಿದ ಆಂಟೇರಿಯೊ ಮತ್ತು ಬ್ರಿಟಿಷ್ ಕೊಲಂಬಿಯದ ವಾಹಿನಿಗಳು, ತಂತ್ರಗಳನ್ನು ಕಾಲಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುತ್ತ, ಇಂದಿಗೂ ವಿದ್ಯಾಸೇವೆಯನ್ನು ನಡೆಸುತ್ತಿವೆ. ಖಾಸಗಿ ಒಡೆಯರಲ್ಲಿ ದುಷ್ಟರಿದ್ದರೆಂದಾಗಲಿ, ಸರ್ಕಾರಗಳಲ್ಲಿ ಸಾಧುಗಳಿದ್ದರೆಂದಾಗಲಿ ಇದರ ತಾತ್ಪರ್ಯವಲ್ಲ. ವ್ಯಾಪಾರಿಯಾದವನು ತನ್ನ ಸ್ವತ್ತಿನಿಂದ ಹೆಚ್ಚಿನ ಫಲವನ್ನು ಬಯಸುವುದು ಅವನ ಧರ್ಮವೇ ಸರಿ. ಆದರೆ ಫಲವನ್ನು ಬೇರೆಡೆ ಬಯಸುವವನ ಕೈಗೆ ವಿದ್ಯೆಯನ್ನು ಒಪ್ಪಿಸಿ, ಅದರ ಪಾಲನೆಯನ್ನು ಒಂದು ಪತ್ರದ ವಾಕ್ಯಗಳ ಮೇಲೆಯೇ ಬಿಟ್ಟದ್ದು ಆಲ್ಬರ್ಟಾದಲ್ಲಿ 1995ರಲ್ಲಿ ಆದ ತೀರ್ಮಾನ. ಆಮೇಲಿನ ಮಾರಾಟಗಳೂ ನಾಮಕರಣಗಳೂ ಅದರ ಪರಿಣಾಮಗಳು ಮಾತ್ರ. ವಾಹಿನಿಯ ನಿಜವಾದ ಮುಕ್ತಾಯವನ್ನು ಹುಡುಕುವವರು 2024ಕ್ಕಿಂತ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.